ಎಷ್ಟು ಸಾರಿ ಸಾರಿ?

ಕಳೆದ ಮಂಗಳವಾರ ಒಂದು ಹುಚ್ಚು ಕೆಲಸ ಮಾಡಿದೆ. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ನನ್ನ ಬಾಯಿಂದ ಎಷ್ಟು ಸಲ ‘ಸಾರಿ’ ಬರುತ್ತೆ ಅಂತ ಎಣಿಸುತ್ತಾ ಹೋದೆ. ಮೆಟ್ರೋದಲ್ಲಿ ನನ್ನ ಬ್ಯಾಗು ಯಾರಿಗೋ ತಾಗಿದ್ದಕ್ಕೆ ಒಂದು. ಅದೇ ಮನುಷ್ಯ ಎರಡು ಸ್ಟೇಷನ್ ಆದಮೇಲೆ ನನ್ನ ಕಾಲು ತುಳಿದಾಗ, ಯಾಕೋ ಗೊತ್ತಿಲ್ಲ, ನಾನೇ ಹೇಳಿದ್ದು ಇನ್ನೊಂದು. ಮೀಟಿಂಗಿನಲ್ಲಿ ‘ಸಾರಿ, ಮ್ಯೂಟ್‌ನಲ್ಲಿದ್ದೆ’. ಮೇಲ್‌ನಲ್ಲಿ ‘ತಡವಾಗಿದ್ದಕ್ಕೆ ಸಾರಿ’. ಕ್ಯಾಂಟೀನಿನಲ್ಲಿ ಇಬ್ಬರೂ ಒಟ್ಟಿಗೆ ಪ್ಲೇಟಿಗೆ ಕೈ ಹಾಕಿದಾಗ ಇಬ್ಬರೂ ‘ಸಾರಿ ಸಾರಿ’. ಊಟದ ಹೊತ್ತಿಗೆ 14 ಆಗಿತ್ತು. ಆಮೇಲೆ ಲೆಕ್ಕ ತಪ್ಪಿತು.

ಕನ್ನಡದಲ್ಲಿ ‘ಸಾರಿ’ ಅಂದರೆ ‘ಸಲ’ ಅಂತಲೂ ಅರ್ಥ ಇರೋದು ಸುಮ್ಮನೆ ಕಾಕತಾಳೀಯ. ಆದರೂ ಎಷ್ಟು ಸರಿಯಾಗಿ ಕೂತಿದೆ ನೋಡಿ. ಸಾರಿ ಸಾರಿಗೂ ಸಾರಿ.

ಈ ಲೆಕ್ಕದ ಹುಚ್ಚು ಹಿಡಿಯೋದಕ್ಕೆ ಕಾರಣ ಆ 14 ಅಲ್ಲ. ಮೂರು ವರ್ಷದ ಹಿಂದೆ ಹೇಳಿದ ಒಂದೇ ಒಂದು ಸಾರಿ.

ಆಗ ನಮ್ಮನೆಗೆ ಕೆಲಸಕ್ಕೆ ಒಬ್ಬರು ಅಕ್ಕ ಬರುತ್ತಿದ್ದರು. ನಾಲ್ಕು ವರ್ಷದಿಂದ ಬರುತ್ತಿದ್ದವರು. ಒಂದು ದಿನ ಫ್ರಿಜ್ ಮೇಲೆ ಇಟ್ಟಿದ್ದೆ ಅಂತ ನಾನು ಅಂದುಕೊಂಡಿದ್ದ ಕವರು ಅಲ್ಲಿರಲಿಲ್ಲ. ಎಂಟು ಸಾವಿರ ರೂಪಾಯಿ. ‘ಅಕ್ಕ, ಇಲ್ಲೊಂದು ಕವರ್ ನೋಡಿದ್ರಾ?’ ಅಂತ ಕೇಳಿದೆ. ಇಲ್ಲ ಅಂದ್ರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ನನ್ನ ದನಿ ಬದಲಾಗಿತ್ತು, ಅದು ನನಗೇ ಕೇಳಿಸಿತು. ಅವರು ಮಾತಾಡಲಿಲ್ಲ. ತಮ್ಮ ಚೀಲ ತಂದು ಹಾಲ್‌ನಲ್ಲಿ ಬಗ್ಗಿಸಿ ಸುರಿದರು. ಒಂದು ಟವೆಲ್ಲು, ಎಲೆ ಅಡಿಕೆ ಡಬ್ಬಿ, ಮಗಳ ಸ್ಕೂಲಿನ ಯಾವುದೋ ಚೀಟಿ, ಮಾತ್ರೆಯ ಹಾಳೆ. ಸುರೀರಿ ಅಂತ ನಾನು ಹೇಳಿರಲಿಲ್ಲ. ಆದರೆ ಬೇಡ ಅಂತಲೂ ಅನ್ನಲಿಲ್ಲ. ನಿಂತು ನೋಡಿದೆ.

ನಾಲ್ಕು ದಿನ ಆದಮೇಲೆ ಕವರು ನನ್ನ ಲ್ಯಾಪ್‌ಟಾಪ್ ಬ್ಯಾಗಿನ ಹಿಂದಿನ ಜೇಬಿನಲ್ಲಿ ಸಿಕ್ಕಿತು. ಮರುದಿನ ಬೆಳಿಗ್ಗೆ ಕಾಫಿ ಕುಡೀತಾ ಹೇಳಿದೆ, ‘ಸಾರಿ ಅಕ್ಕ, ದುಡ್ಡು ಸಿಕ್ತು.’ ಅವರು ‘ಪರವಾಗಿಲ್ಲ ಬಿಡಿ ಅಮ್ಮ’ ಅಂದ್ರು. ನನಗೆ ಹಗುರ ಆಯ್ತು. ಸಾರಿ ಹೇಳಿದ್ದೆ, ಪರವಾಗಿಲ್ಲ ಬಂದಿತ್ತು, ವ್ಯವಹಾರ ಚುಕ್ತಾ.

ಒಂದು ವಾರ ಆದಮೇಲೆ ಗಮನಿಸಿದೆ. ಅಕ್ಕ ಚೀಲವನ್ನು ಮನೆಯೊಳಗೆ ತರುತ್ತಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಪಕ್ಕ ಇಟ್ಟು ಬರುತ್ತಿದ್ದರು. ಎರಡು ತಿಂಗಳು ಹಾಗೇ ನಡೆಯಿತು. ಆಮೇಲೆ ಮಂಡಿ ನೋವು ಅಂತ ಹೇಳಿ ಕೆಲಸ ಬಿಟ್ಟರು. ಪಕ್ಕದ ಟವರ್‌ನಲ್ಲಿ ಮೂರು ಮನೆ ಕೆಲಸ ಮಾಡುತ್ತಲೇ ಇದ್ದರು.

ನಾನು ಹೇಳಿದ ಆ ಮಾತು ಯಾಕೆ ಅವರನ್ನು ಮುಟ್ಟಲಿಲ್ಲ? ಪದದ ಜಾತಕ ನೋಡೋಣ ಅಂತ ಹೊರಟೆ. ಇಂಗ್ಲಿಷ್ ಪದಗಳ ಹುಟ್ಟು ಹುಡುಕೋದು ನನಗೆ ಹಳೇ ಚಟ, ಅಪರಾಧಿ ಪ್ರಜ್ಞೆಗೆ ಒಳ್ಳೇ ಔಷಧಿ ಕೂಡ. ಚಾಕು ಹಾಕಿದ್ದು ಯಾಕೆ ಅಂತ ಯೋಚಿಸೋದರ ಬದಲು ಚಾಕು ಎಲ್ಲಿ ತಯಾರಾಯಿತು ಅಂತ ಯೋಚಿಸಬಹುದು.

‘ಸಾರಿ’ಗೂ ‘ಸಾರೋ’ಗೂ, ಅಂದರೆ ದುಃಖ ಅನ್ನೋ ಪದಕ್ಕೂ, ಸಂಬಂಧ ಇದೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲ. ಅವೆರಡು ಬೇರೆ ಬೇರೆ ಬೇರಿನವು. ಅಕ್ಕಪಕ್ಕದ ಮನೆಯಲ್ಲಿ ಬಹಳ ಕಾಲ ಇದ್ದು ಒಂದರ ಮುಖಚರ್ಯೆ ಇನ್ನೊಂದಕ್ಕೆ ಬಂದಿದೆ ಅಷ್ಟೆ. ‘ಸಾರಿ’ಯ ನಿಜವಾದ ಅಕ್ಕ ‘ಸೋರ್’. ಹುಣ್ಣು, ಗಾಯ, ಮುಟ್ಟಿದರೆ ನೋಯುವ ಜಾಗ. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಅಂದರೆ ನೋವು, ಅದರಿಂದ ‘ಸಾರಿಗ್’, ನೋವು ತುಂಬಿದವನು. ಇದರ ದಾಯಾದಿ ಜರ್ಮನ್ ಭಾಷೆಯಲ್ಲೂ ಇದೆ. ಅಲ್ಲಿ ‘ಸೇರ್’ ಅಂದರೆ ಈಗ ‘ತುಂಬಾ’ ಅಂತ ಅರ್ಥ. ಮೊದಲು ಅದು ‘ನೋವಾಗುವಷ್ಟು’ ಅಂತ ಇತ್ತು. ಬೆಂಗಳೂರಿನಲ್ಲಿ ಜರ್ಮನ್ ಕ್ಲಾಸಿಗೆ ಹೋಗುವವರು ಮೊದಲ ವಾರದಲ್ಲೇ ‘ಸೇರ್ ಗೂಟ್’ ಅಂತ ಕಲಿಯುತ್ತಾರಲ್ಲ, ತುಂಬಾ ಚೆನ್ನಾಗಿದೆ ಅಂತ, ಅದರೊಳಗೂ ಒಂದು ಹಳೇ ಗಾಯ ಒಣಗಿಕೊಂಡು ಕೂತಿದೆ.

ಹಾಗಾಗಿ ‘ಐ ಆಮ್ ಸಾರಿ’ ಅಂದರೆ ಹುಟ್ಟಿನಲ್ಲಿ ‘ನನಗೆ ನೋವಾಗಿದೆ’ ಅಂತ. ಅದರಲ್ಲಿ ನೀನಿಲ್ಲ. ನಿನಗೆ ನಾನು ಏನು ಮಾಡಿದೆ ಅನ್ನೋದೂ ಇಲ್ಲ. ಇರೋದು ನಾನು ಮತ್ತು ನನ್ನ ನೋವು. ‘ನಾನು’ ಅನ್ನೋದನ್ನೂ ಬಿಟ್ಟು ಬರೀ ‘ಸಾರಿ’ ಅಂತ ಹೇಳೋ ಅಭ್ಯಾಸ ಹತ್ತೊಂಬತ್ತನೇ ಶತಮಾನದ್ದು. ಅಂದರೆ ಆ ಚಿಕ್ಕ ವಾಕ್ಯದಲ್ಲಿ ಇದ್ದ ಒಬ್ಬನೇ ಮನುಷ್ಯನನ್ನೂ ಹೊರಗೆ ಕಳಿಸಿಬಿಟ್ಟೆವು.

ಷೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದಲ್ಲಿ ಒಂದು ಜಾಗ ಇದೆ. ತನ್ನ ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ಕೊಂದು ಮ್ಯಾಕ್‌ಬೆತ್ ಹೊರಗೆ ಬರುತ್ತಾನೆ. ರಕ್ತ ಹತ್ತಿದ ತನ್ನ ಕೈಗಳನ್ನು ನೋಡಿಕೊಂಡು ಅವನು ಬಳಸುವ ಪದ ಇದೇ, ಸಾರಿ. ಕ್ಷಮೆ ಕೇಳುತ್ತಿಲ್ಲ ಅವನು, ಸತ್ತವನ ಬಗ್ಗೆ ಮಾತಾಡುತ್ತಲೂ ಇಲ್ಲ. ಈ ನೋಟ ದಾರುಣವಾಗಿದೆ ಅಂತಿದ್ದಾನೆ. ಕೈ ಅವನದ್ದು, ಅವನು ಅದರ ಪ್ರೇಕ್ಷಕ. ಕಾಫಿ ಲೋಟ ಹಿಡಿದುಕೊಂಡು ‘ಸಾರಿ ಅಕ್ಕ, ದುಡ್ಡು ಸಿಕ್ತು’ ಅಂದ ನನ್ನ ದನಿ ನೆನಪಾಯಿತು. ಮಳೆ ಬಂತು ಅನ್ನೋ ಥರ ದುಡ್ಡು ಸಿಕ್ತು. ಕಳೆದದ್ದೂ ತಾನಾಗೇ, ಸಿಕ್ಕಿದ್ದೂ ತಾನಾಗೇ.

ಆಕ್ಸ್‌ಫರ್ಡಿನ ದಾರ್ಶನಿಕ ಜೆ. ಎಲ್. ಆಸ್ಟಿನ್ ಈ ವಿಷಯದಲ್ಲಿ ಒಂದು ಸೂಕ್ಷ್ಮ ಗೆರೆ ಎಳೆದಿದ್ದಾರೆ. 1955ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳು ಅವರು ತೀರಿಕೊಂಡ ಮೇಲೆ 1962ರಲ್ಲಿ ಪುಸ್ತಕವಾಗಿ ಬಂದವು. ಕೆಲವು ಮಾತುಗಳು ಬರೀ ಮಾತಲ್ಲ, ಕೆಲಸವೇ ಅನ್ನೋದು ಅವರ ಮುಖ್ಯ ವಾದ. ‘ಮಾತು ಕೊಡ್ತೀನಿ’ ಅಂದರೆ ಅಲ್ಲಿಗೇ ಮಾತು ಕೊಟ್ಟ ಹಾಗೆ. ‘ಐ ಅಪಾಲಜೈಸ್’ ಕೂಡ ಆ ಜಾತಿಗೆ ಸೇರಿದ್ದು. ಆದರೆ ‘ಐ ಆಮ್ ಸಾರಿ’ ಮಧ್ಯದಲ್ಲಿ ನಿಲ್ಲುತ್ತೆ, ಅರ್ಧ ಕೆಲಸ, ಅರ್ಧ ವರದಿ. ನನ್ನೊಳಗಿನ ಹವಾಮಾನ ವರದಿ ಅಂತ ಬೇಕಾದ್ರೆ ಅನ್ನಿ.

ಅರ್ಧ ವರದಿ, ಅರ್ಧ ಕೆಲಸ ಅನ್ನೋ ಈ ಗೊಂದಲ ಒಂದು ಸಲ ಎರಡು ದೇಶಗಳನ್ನು ಕಾಪಾಡಿದೆ. 2001ರ ಏಪ್ರಿಲ್ 1ರಂದು ಚೀನಾದ ಹೈನಾನ್ ದ್ವೀಪದ ಹತ್ತಿರ ಅಮೆರಿಕದ ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧ ವಿಮಾನಕ್ಕೂ ಡಿಕ್ಕಿ ಆಯಿತು. ಚೀನಾದ ಪೈಲಟ್ ಸತ್ತ. ಅಮೆರಿಕದ ವಿಮಾನ ಹೈನಾನ್‌ನಲ್ಲೇ ಇಳಿಯಬೇಕಾಯಿತು, ಅದರಲ್ಲಿದ್ದ 24 ಜನರನ್ನು ಚೀನಾ ಹಿಡಿದಿಟ್ಟುಕೊಂಡಿತು. ಕ್ಷಮೆ ಕೇಳಿ ಅಂತ ಚೀನಾ, ಕೇಳಲ್ಲ ಅಂತ ಅಮೆರಿಕ. ಹತ್ತು ದಿನ ಹಗ್ಗಜಗ್ಗಾಟ ನಡೆದು ಕೊನೆಗೆ ಒಂದು ಪತ್ರ ತಯಾರಾಯಿತು. ಪೈಲಟ್ ಸತ್ತಿದ್ದಕ್ಕೆ ‘ವೆರಿ ಸಾರಿ’, ಅನುಮತಿ ಇಲ್ಲದೆ ವಿಮಾನ ಇಳಿದಿದ್ದಕ್ಕೆ ‘ವೆರಿ ಸಾರಿ’. ಎರಡು ಸಾರಿಗಳ ಪತ್ರ ಅಂತಲೇ ಅದಕ್ಕೆ ಹೆಸರು ಬಿತ್ತು. ಚೀನಾ ಅದನ್ನು ಕ್ಷಮಾಪಣೆ ಅಂತ ತನ್ನ ಜನಕ್ಕೆ ಓದಿ ಹೇಳಿತು. ಅಮೆರಿಕ ತನ್ನ ಜನಕ್ಕೆ, ಇದು ಸಂತಾಪ, ಕ್ಷಮಾಪಣೆ ಅಲ್ಲ ಅಂದಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಪದವೇ ಹಾಗಿದೆ.

ಅಮೆರಿಕದಲ್ಲಿರೋ ನನ್ನ ಚಿಕ್ಕಪ್ಪನ ಮಗಳು ಅಜ್ಜಿ ಹೋದ ಸುದ್ದಿ ಹೇಳಿದಾಗ ಅವಳ ಸಹೋದ್ಯೋಗಿ ‘ಐ ಆಮ್ ಸೋ ಸಾರಿ’ ಅಂದರಂತೆ. ಇವಳು ಗಡಿಬಿಡಿಯಲ್ಲಿ ‘ಛೆ ಛೆ, ನಿಮ್ಮ ತಪ್ಪೇನಿದೆ’ ಅಂದಳಂತೆ. ಆ ದಿನದಲ್ಲೂ ಇಬ್ಬರಿಗೂ ನಗು ಬಂತಂತೆ.

ಈ ದುಃಖದ ಅರ್ಥ ಇನ್ನೂ ಹಸಿಯಾಗಿ ಉಳಿದಿರೋದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಇಂಗ್ಲಿಷಿನಲ್ಲಿ. ಅಲ್ಲಿ ‘ಸಾರಿ ಬಿಸಿನೆಸ್’ ಅಂದರೆ ಸಾವು, ಸೂತಕ, ಶೋಕದ ಕ್ರಮಗಳು. ಊರಿನಲ್ಲಿ ಯಾರಾದರೂ ಹೋದರೆ ಜನ ‘ಸಾರಿ ಬಿಸಿನೆಸ್’ಗೆ ಅಂತ ಕೆಲಸ ಬಿಟ್ಟು ಹೋಗುತ್ತಾರೆ. ಇಂಥ ಜನರ ಮಕ್ಕಳನ್ನು ಆಸ್ಟ್ರೇಲಿಯಾದ ಸರ್ಕಾರಗಳು ಹೆಚ್ಚುಕಡಿಮೆ 1910ರಿಂದ 1970ರ ತನಕ ತಂದೆತಾಯಿಯಿಂದ ಕಿತ್ತು ಅನಾಥಾಲಯಗಳಿಗೆ, ಬಿಳಿಯರ ಮನೆಗಳಿಗೆ ಹಾಕಿದವು. ಕದ್ದುಹೋದ ತಲೆಮಾರುಗಳು ಅಂತ ಅವರನ್ನು ಕರೆಯುತ್ತಾರೆ. ಸರ್ಕಾರ ಸಾರಿ ಹೇಳಬೇಕು ಅಂತ ಒತ್ತಾಯ ಜೋರಾದಾಗ ಪ್ರಧಾನಿ ಜಾನ್ ಹೊವಾರ್ಡ್ 1999ರಲ್ಲಿ ಸಂಸತ್ತಿನಲ್ಲಿ ವಿಷಾದದ ನಿರ್ಣಯ ತಂದರು. ‘ರಿಗ್ರೆಟ್’ ಅಂದರು, ‘ಸಾರಿ’ ಅನ್ನಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಈಗಿನವರು ಹೊಣೆ ಅಲ್ಲ ಅನ್ನೋದು ಅವರ ನಿಲುವು. 2000ನೇ ಇಸವಿ ಮೇ ತಿಂಗಳಲ್ಲಿ ಸಿಡ್ನಿಯ ಹಾರ್ಬರ್ ಸೇತುವೆ ಮೇಲೆ ಜನಸಾಗರವೇ ನಡೆಯಿತು. ಆವತ್ತು ಒಂದು ವಿಮಾನ ಆಕಾಶದಲ್ಲಿ ಹೊಗೆಯಿಂದ ಆ ಒಂದು ಪದ ಬರೆಯಿತು.

ನಾನು ದಿನಕ್ಕೆ 14 ಸಲ ಉದುರಿಸೋ ಪದಕ್ಕಾಗಿ ಅಲ್ಲಿ ಜನ ಹತ್ತು ವರ್ಷ ಕಾದಿದ್ದರು. 2008ರ ಫೆಬ್ರವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಅದನ್ನು ಹೇಳಿದರು. ನೆರೆದವರು ಅತ್ತರು. ಆವತ್ತು ರಡ್ ಬರೀ ಸಾರಿ ಅನ್ನಲಿಲ್ಲ. ಯಾವ ಕೆಲಸಕ್ಕೆ, ಯಾರು ಮಾಡಿದ್ದು, ಯಾರಿಗೆ ಮಾಡಿದ್ದು ಅಂತ ಒಂದೊಂದಾಗಿ ಹೇಳಿದರು. ಸಂಸತ್ತುಗಳ, ಸರ್ಕಾರಗಳ ಕಾನೂನಿನಿಂದಲೇ ಇದಾಯಿತು ಅಂತ ಒಪ್ಪಿಕೊಂಡರು. ಪರಿಹಾರ ಮಾತ್ರ ಇಲ್ಲ ಅಂದಿತು ಅವರ ಸರ್ಕಾರ. ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳಿಂದ ಒಯ್ದವರಿಗೆ ಹಣ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ಘೋಷಿಸಿದ್ದು 2021ರಲ್ಲಿ. ಅಷ್ಟರಲ್ಲಿ ಎಷ್ಟೋ ಜನರ ಸಾರಿ ಬಿಸಿನೆಸ್ ಮುಗಿದುಹೋಗಿತ್ತು.

ಹಾಗಾದರೆ ಸಾರಿ ಬಿಟ್ಟು ಗಂಭೀರವಾದ ‘ಅಪಾಲಜಿ’ ಹಿಡಿಯೋಣವೇ? ಅದರ ಕಥೆ ಇನ್ನೂ ತಮಾಷೆ. ಗ್ರೀಕಿನಲ್ಲಿ ‘ಅಪೊಲೊಗಿಯ’ ಅಂದರೆ ಸಮರ್ಥನೆ, ಕೋರ್ಟಿನಲ್ಲಿ ಆರೋಪಿ ತನ್ನ ಪರವಾಗಿ ಆಡುವ ಮಾತು. ಪ್ಲೇಟೋ ಬರೆದ ‘ಅಪಾಲಜಿ’ಯಲ್ಲಿ ಸಾಕ್ರಟೀಸ್ ಎಲ್ಲೂ ಕ್ಷಮೆ ಕೇಳುವುದಿಲ್ಲ. ನಿನಗೆ ಯಾವ ಶಿಕ್ಷೆ ಸರಿ ಅಂತ ಕೇಳಿದರೆ, ಒಲಿಂಪಿಕ್ಸ್ ಗೆದ್ದವರಿಗೆ ಊಟ ಹಾಕುವ ಹಾಗೆ ಊರಿನ ಖರ್ಚಿನಲ್ಲಿ ನನಗೆ ಊಟ ಹಾಕಿ ಅಂತಾನೆ. ಆಫೀಸುಗಳಲ್ಲಿ ಬರುವ ‘ಅಪಾಲಜಿ’ ಮೇಲ್‌ಗಳನ್ನು ನೋಡಿ. ಮೊದಲ ಸಾಲಿನಲ್ಲಿ ಕ್ಷಮೆ, ಉಳಿದ ಹನ್ನೊಂದು ಸಾಲಿನಲ್ಲಿ ಯಾಕೆ ನಮ್ಮ ಟೀಮಿನ ತಪ್ಪಿಲ್ಲ ಅನ್ನೋದು. ಪದ ತನ್ನ ತವರು ಮರೆತಿಲ್ಲ.

ಕಾನೂನಿಗೂ ಈ ಪದಗಳ ಪೊಳ್ಳು ಗೊತ್ತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ ಕ್ಷಮಾಪಣೆ ಕಾಯ್ದೆ ಅಂತಲೇ ಒಂದನ್ನು ತಂದಿತು, ಒಂಟಾರಿಯೋ 2009ರಲ್ಲಿ. ಸಾರಿ ಅಂದರೆ ತಪ್ಪೊಪ್ಪಿಗೆ ಅಂತ ಕೋರ್ಟು ಎಣಿಸೋ ಹಾಗಿಲ್ಲ. ಡಾಕ್ಟರು, ಡ್ರೈವರು ಹೆದರಿ ಬಾಯಿ ಮುಚ್ಚಿಕೊಳ್ಳೋ ಬದಲು ಎರಡು ಒಳ್ಳೇ ಮಾತಾದರೂ ಆಡಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಏನನ್ನೂ ಕಳೆದುಕೊಳ್ಳದೆ ಹೇಳಬಹುದಾದ ಸಾರಿಗೆ ತೂಕ ಎಲ್ಲಿಂದ ಬರಬೇಕು ಅಂತ ನನಗೆ ಅನುಮಾನ.

ಕನ್ನಡಕ್ಕೆ ಬಂದರೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ‘ಕ್ಷಮಿಸಿ’ಯ ಬೇರು ಸಂಸ್ಕೃತದ ‘ಕ್ಷಮ್’, ತಾಳಿಕೊಳ್ಳುವುದು. ಎಲ್ಲರ ತುಳಿತ ತಾಳುವ ಭೂಮಿಗೆ ‘ಕ್ಷಮಾ’ ಅಂತ ಹೆಸರು. ಹಾಗೆ ನೋಡಿದರೆ ‘ಕ್ಷಮಿಸಿ’ ಅಂದರೆ, ನಾನು ತುಳಿದಿದ್ದೀನಿ, ನೀವು ತಡಕೊಳ್ಳಿ. ರಸ್ತೆ ಅಗೆದು ‘ಅಡಚಣೆಗಾಗಿ ಕ್ಷಮಿಸಿ’ ಬೋರ್ಡ್ ನೆಟ್ಟವರು ಈ ಮೂಲಾರ್ಥವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾರೆ. ‘ಮನ್ನಿಸಿ’ಯಲ್ಲಿ ಮನ್ನಣೆಯೂ ಇದೆ, ಗೌರವಿಸುವುದೂ ಅದೇ ಪದ. ಮೂರನೆಯದು ‘ತಪ್ಪಾಯ್ತು’. ನನ್ನ ನೋವನ್ನೂ ಹೇಳಲ್ಲ, ನಿಮ್ಮಿಂದ ಏನನ್ನೂ ಕೇಳಲ್ಲ. ಆದದ್ದಕ್ಕೆ ಒಂದು ಹೆಸರಿಡುತ್ತೆ, ಅದು ತಪ್ಪು. ದೇವಸ್ಥಾನದ ಹುಂಡಿಗೆ ‘ತಪ್ಪುಕಾಣಿಕೆ’ ಹಾಕುವಾಗಲೂ ಹಾಗೇ, ತಪ್ಪು ಮೊದಲು, ಕಾಣಿಕೆ ಆಮೇಲೆ. ಕಾಲು ತಾಗಿದರೆ ನಮ್ಮಜ್ಜಿ ಬಾಯಿ ಬಿಡುತ್ತಲೇ ಇರಲಿಲ್ಲ. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಪುಸ್ತಕ ಆದರೂ ಅಷ್ಟೆ, ಮಗು ಆದರೂ ಅಷ್ಟೆ.

ಇಷ್ಟು ಚೆನ್ನಾಗಿರೋ ಪದ ಇರುವಾಗ ಆವತ್ತು ನನ್ನ ಬಾಯಿಗೆ ಅದು ಯಾಕೆ ಬರಲಿಲ್ಲ? ಇಲ್ಲಿ ‘ನಮ್ಮ ಭಾಷೆ ಶ್ರೇಷ್ಠ’ ಅಂತ ಮುಗಿಸಿಬಿಡಬಹುದಿತ್ತು. ಆದರೆ ‘ತಪ್ಪಾಯ್ತು’ ನಮ್ಮಲ್ಲಿ ಯಾವ ದಿಕ್ಕಿಗೆ ಹರಿದಿದೆ ನೋಡಿ. ‘ತಪ್ಪಾಯ್ತು ಬುದ್ದಿ’ ಅಂತ ಕೂಲಿಯವನು ಗೌಡರಿಗೆ ಹೇಳಿದ್ದಾನೆ. ‘ತಪ್ಪಾಯ್ತು ಅಂತ ಹೇಳು’ ಅಂತ ಅತ್ತೆ ಸೊಸೆಗೆ, ಮೇಷ್ಟ್ರು ಹುಡುಗನಿಗೆ ಹೇಳಿಸಿದ್ದಾರೆ. ಎಷ್ಟೋ ಸಲ ತಪ್ಪೇ ಇರಲಿಲ್ಲ. ಕೆಳಗಿಂದ ಮೇಲಕ್ಕೆ ಮಾತ್ರ ಹೋದ ಪದ ಅದು, ಮೇಲಿಂದ ಕೆಳಕ್ಕೆ ಬಂದದ್ದು ಬಲು ಅಪರೂಪ. ಮನೆಕೆಲಸದವರಿಗೆ ‘ನಂದು ತಪ್ಪಾಯ್ತು ಅಕ್ಕ’ ಅನ್ನೋದಕ್ಕೆ ನಾಲಿಗೆ ಹೊರಳಬೇಕಾದರೆ ನಾನು ಸ್ವಲ್ಪ ಬಗ್ಗಬೇಕಿತ್ತು. ಅವರನ್ನು ‘ಅಕ್ಕ’ ಅಂತ ಬಹುವಚನದಲ್ಲಿ ಕರೆಯೋದರಲ್ಲೇ ನನ್ನ ಸಮಾನತೆಯ ಕೋಟಾ ಮುಗಿದಿತ್ತು. ಇಂಗ್ಲಿಷ್ ನನ್ನನ್ನು ಬಗ್ಗದಂತೆ ಕಾಪಾಡಿತು.

ಸಾರಿಗೆ ಪೂರ್ತಿ ಅನ್ಯಾಯ ಮಾಡೋದೂ ಬೇಡ. ಪಿಯುಸಿ ರಿಸಲ್ಟ್ ದಿನ ಅಪ್ಪ ಬೇರೆ ಯಾರದ್ದೋ ನಂಬರ್ ನೋಡಿಕೊಂಡು ಬಂದು ನೆಂಟರೆದುರು ನನಗೆ ಬಾಯಿಗೆ ಬಂದ ಹಾಗೆ ಬೈದಿದ್ದರು. ರಾತ್ರಿ ರೂಮಿನ ಬಾಗಿಲ ಹತ್ತಿರ ನಿಂತು ‘ಸಾರಿ ಮಗಾ’ ಅಂದರು. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಬಹಳ ಕಡಿಮೆ. ಮಗಳಿಗೆ ‘ತಪ್ಪಾಯ್ತು’ ಅನ್ನೋದು ಅವರ ತಲೆಮಾರಿನ ಗಂಡಸಿಗೆ ಆಗದ ಕೆಲಸವಾಗಿತ್ತು. ಆ ಹಗುರ ಪದ ಇರದಿದ್ದರೆ ಅವರು ಬಾಗಿಲ ತನಕ ಬರುತ್ತಲೇ ಇರಲಿಲ್ಲವೇನೋ. ನನಗೆ ಆವತ್ತು ಅಷ್ಟು ಸಾಕಾಗಿತ್ತು. ಅದಕ್ಕೆ ಕಾರಣ ಪದಕ್ಕಿಂತ ಅವರ ಮುಖ. ಮತ್ತೆ, ನಾನು ಬಾಗಿಲು ಹಾಕಿಕೊಳ್ಳಬಹುದಿತ್ತು, ಪರವಾಗಿಲ್ಲ ಅನ್ನದೇ ಇರಬಹುದಿತ್ತು. ಅಪ್ಪ ಕಾಯುತ್ತಿದ್ದರು.

ಅಕ್ಕನಿಗೆ ಆ ಅನುಕೂಲ ಇರಲಿಲ್ಲ. ತಿಂಗಳ ಸಂಬಳ ಕೊಡುವವಳು ಸಾರಿ ಅಂದಾಗ ಪರವಾಗಿಲ್ಲ ಅನ್ನಲೇಬೇಕು. ‘ಪರವಾಗಿದೆ’ ಅಂತ ಹೇಳೋ ಒಬ್ಬ ಮನೆಕೆಲಸದವರನ್ನು ನೀವು ನೋಡಿದ್ದೀರಾ? ಹೀಗೆ ನಾನು ಎಂಟು ಸಾವಿರ ಕಳೆಯದೇ ಇದ್ದರೂ ಅವರ ಹತ್ತಿರ ಒಂದು ಪರವಾಗಿಲ್ಲ ವಸೂಲಿ ಮಾಡಿದೆ.

ಹೋದ ತಿಂಗಳು ನಮ್ಮ ಸ್ನೇಹಿತರ ಮನೆಗೆ ಅಂತ ಪಕ್ಕದ ಟವರ್‌ಗೆ ಹೋಗಿದ್ದೆ. ಲಿಫ್ಟಿನಲ್ಲಿ ಅವರೇ ಸಿಕ್ಕರು. ಕೂದಲು ಬೆಳ್ಳಗಾಗಿತ್ತು. ‘ಚೆನ್ನಾಗಿದ್ದೀರಾ ಅಮ್ಮ?’ ಅಂತ ಅವರೇ ಕೇಳಿದ್ರು. ನಾನು ಬಾಯಿಪಾಠ ಮಾಡಿಕೊಂಡಿದ್ದೇನೂ ಇಲ್ಲ, ಆದರೂ ಬಂತು. ‘ಅಕ್ಕ, ಆವತ್ತು ನಿಮ್ಮ ಮೇಲೆ ಅನುಮಾನ ಪಟ್ಟೆನಲ್ಲ, ಅದು ನನ್ನ ತಪ್ಪು. ನೀವು ಚೀಲ ಸುರಿಯುವಾಗ ಬೇಡ ಅನ್ನಬೇಕಿತ್ತು. ನಾನು ಅನ್ನಲಿಲ್ಲ.’

ಅವರು ಲಿಫ್ಟಿನ ನಂಬರ್ ಕಡೆ ನೋಡುತ್ತಿದ್ದರು. ‘ಹೂಂ ಅಮ್ಮ, ಅನ್ನಲಿಲ್ಲ’ ಅಂದರು.

ಆರನೇ ಮಹಡಿ ಬಂತು. ಚೀಲ ಹೆಗಲಿಗೆ ಏರಿಸಿಕೊಂಡು ಇಳಿದು ಹೋದರು.